ಎಲಿಯಾಹುವಿನ ಅವಲಕ್ಕಿ

ದುಬೈಯಲ್ಲಿ ಬುರ್ಜ್ ಖಲೀಫಾ ಮೊದಲೋ ನನ್ನ ಕೈಯ ಅವಲಕ್ಕಿ ಮೊದಲೋ ಎಂದು ಯಾರಾದರೂ ಕೇಳಿದರೆ ನಾನು ನೇರ ಉತ್ತರ ಕೊಡುವುದಿಲ್ಲ. ಆ ಬುರ್ಜ್ ಕಟ್ಟಿದ ಎಂಜಿನಿಯರುಗಳು ಬೆಳಿಗ್ಗೆ ಏನು ತಿಂದು ಕೆಲಸಕ್ಕೆ ಹೋಗುತ್ತಿದ್ದರು ಅಂತ ಸ್ವಲ್ಪ ವಿಚಾರಿಸಿ ನೋಡಿ ಎನ್ನುತ್ತೇನೆ, ಅಷ್ಟೆ. ನಾನು ಲೋಲಾಕ್ಷಿ. ಹುಟ್ಟಿದ್ದು ಉಡುಪಿ ಹತ್ತಿರದ ಕಟಪಾಡಿಯಲ್ಲಿ, ಮೆರೆಯುತ್ತಿರುವುದು ದುಬೈ ಸಿಲಿಕಾನ್ ಓಯಸಿಸ್‌ನಲ್ಲಿ.

"ಬುರ್ಜ್ ಕಟ್ಟಿ ಮುಗಿದು, ಅದರ ಗಾಜು ಒರೆಸಿ, ಮತ್ತೆ ಕೊಳೆಯಾದ ಮೇಲೆ ನೀನು ದುಬೈಗೆ ಬಂದಿದ್ದು ಕಣೇ," ಎನ್ನುತ್ತಾರೆ ನನ್ನ ಗಂಡ ಶಾಮಸುಂದರ. ಅವರು ಮೈಸೂರಿನವರು, ಕಂಪ್ಯೂಟರಿನ ಕೆಲಸ. ಇಂಥ ಸಣ್ಣಪುಟ್ಟ ವಿವರಗಳಿಗೆ ಜೋತುಬೀಳುವುದು ಅವರ ಹುಟ್ಟುಗುಣ. ಈ ಕಥೆಯುದ್ದಕ್ಕೂ ಅವರು ಹೀಗೆ ಬಾಯಿ ಹಾಕುತ್ತಿರುತ್ತಾರೆ, ನೀವು ಗಮನ ಕೊಡಬೇಕಾಗಿಲ್ಲ.

ನಮ್ಮ ಎದುರು ಬಾಗಿಲಿನಲ್ಲಿ ಜೋಸ್ಫಿನ್ ಆಂಟಿ ಇದ್ದಾರೆ. ಎಪ್ಪತ್ತೆಂಟರ ಮುದುಕಿ, ಬೆನ್ನು ಮಾತ್ರ ಇಸ್ತ್ರಿ ಮಾಡಿದ ಹಾಗೆ ನೆಟ್ಟಗೆ. ಗಂಡ ರೈಲ್ವೆಯಲ್ಲಿದ್ದರಂತೆ, ಅರ್ಧ ಆಯುಷ್ಯ ಹುಬ್ಬಳ್ಳಿಯಲ್ಲೇ ಕಳೆದವರು. ಹಾಗಾಗಿ ಮನೆಯಲ್ಲಿ ಮರಾಠಿ, ನನ್ನ ಹತ್ತಿರ ಹುಬ್ಬಳ್ಳಿ ಕನ್ನಡ. ಈಗ ಮೊಮ್ಮಗಳು ಲಿಯೋರಳ ಜೊತೆ ಇಲ್ಲಿದ್ದಾರೆ. ಜೋಸ್ಫಿನ್ ಅಂತ ಹೆಸರು ಕೇಳಿದ ಮೇಲೆ ಬೇರೆ ಯೋಚನೆ ಬರುವುದುಂಟೆ? ಮೊದಲ ಡಿಸೆಂಬರಿನಲ್ಲೇ ನಾನು ಪ್ಲಮ್ ಕೇಕು ತೆಗೆದುಕೊಂಡು ಹೋಗಿ, ಅವರ ಬಾಗಿಲಿಗೆ ನನ್ನ ಕೈಯಾರೆ ಕಾಗದದ ನಕ್ಷತ್ರ ಕಟ್ಟಿದೆ. ಬೆತ್ಲೆಹೇಮಿನ ನಕ್ಷತ್ರ ಅದರ ಮುಂದೆ ಮಿಣುಕುಹುಳ, ಅಷ್ಟು ದೊಡ್ಡದು.

ಆಂಟಿ ಕೇಕು ತಿಂದರು. ನಕ್ಷತ್ರವನ್ನು ಮೆಚ್ಚಿದರು. ಆಮೇಲೆ ಕೇಳಿದರು, "ಛಂದ ಐತವಾ. ಯಾರ ಹಬ್ಬ?"

"ನಿಮ್ಮದೇ ಅಲ್ವಾ ಆಂಟಿ?"

"ನಮ್ದಲ್ಲ. ನಾವು ಯೆಹೂದಿಗಳು. ಬೆನೆ ಇಸ್ರಾಯೇಲ್. ಅಲಿಬಾಗದ ಕಡಿಯವರು," ಎಂದು ಇನ್ನೊಂದು ತುಂಡು ಕೇಕಿಗೆ ಕೈಹಾಕಿದರು. "ಮುಂದಿನ ವರ್ಷಾನೂ ಕೇಕ್ ತಂದುಬಿಡು. ಸ್ಟಾರ್ ಬ್ಯಾಡ."

ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಈಗ ವಿಷಯಕ್ಕೆ ಬರುತ್ತೇನೆ. ಲಿಯೋರ ಹುಟ್ಟಿದಾಗ ಅಳಲಿಲ್ಲವಂತೆ. ಠಾಣೆ ಪಟ್ಟಣದ ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ಆಂಟಿ ಹರಕೆ ಹೊತ್ತರು. "ಎಲಿಯಾಹು ಹನ್ನಾಬಿ, ಈ ಕೂಸು ಉಳಿದ್ರ ಆಕಿ ಮದುವಿಗೆ ಮುಂಚೆ ನಿನ್ನ ಹೆಸರಿಲೆ ಮಲಿದಾ ಮಾಡ್ತೀನಿ, ವಧೂ-ವರ ಇಬ್ಬರನ್ನೂ ತಟ್ಟಿ ಮುಂದ ಕೂಡಸ್ತೀನಿ." ಒಳಗಿನಿಂದ ಕೂಸು ಕಿರುಚಿಕೊಂಡಿತಂತೆ. ಎಲಿಯಾಹು ಅಂದರೆ ಅವರ ಹಳೆಯ ಪ್ರವಾದಿ. ಸಾಯದೆ ಬೆಂಕಿಯ ರಥ ಹತ್ತಿ ಸ್ವರ್ಗಕ್ಕೆ ಹೋದವನು. ಈಗಲೂ ವೇಷ ಮರೆಸಿಕೊಂಡು ಭೂಮಿಯಲ್ಲಿ ತಿರುಗುತ್ತಾನೆ ಎಂದು ಪ್ರಪಂಚದ ಯೆಹೂದಿಗಳಿಗೆಲ್ಲ ನಂಬಿಕೆ. ಮಲಿದಾ ಅಂದರೆ? ನಗಬೇಡಿ. ಸಿಹಿ ಅವಲಕ್ಕಿ! ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಕ್ಕರೆ, ಏಲಕ್ಕಿ. ದೊಡ್ಡ ತಟ್ಟೆಯಲ್ಲಿ ಗೋಪುರದ ಹಾಗೆ ಪೇರಿಸಿ, ಸುತ್ತ ಬಾಳೆಹಣ್ಣು, ಖರ್ಜೂರ, ಇನ್ನೂ ಏನೇನೋ ಹಣ್ಣು, ನೆತ್ತಿಗೊಂದು ಗುಲಾಬಿ. ಗಂಡಸರು ಅವನ ಹೆಸರು ಹಿಡಿದು ಹೀಬ್ರೂ ಭಾಷೆಯಲ್ಲಿ ಹಾಡಬೇಕು. ಆಗ ಅವನು ಬಂದು ಹರಸಿ ಹೋಗುತ್ತಾನೆ. ಅವನಿಗೆಂದೇ ಒಂದು ಕುರ್ಚಿ ಖಾಲಿ ಬಿಡುವುದು ಆಂಟಿಯ ಮನೆಯ ಕ್ರಮ.

ಲಿಯೋರಳಿಗೆ ಅಬುಧಾಬಿಯ ಆಫೀಸಿನಲ್ಲಿ ನೇಥನ್ ಎಂಬ ಲಂಡನ್ನಿನ ಹುಡುಗ ಸಿಕ್ಕಿದ. ಅವನೂ ಯೆಹೂದಿ, ಒಳ್ಳೆಯ ಹುಡುಗ, ನನ್ನ ಕೋಡುಬಳೆ ತಿಂದು ಕಣ್ಣಲ್ಲಿ ನೀರು ತಂದುಕೊಂಡವನು. ಖಾರಕ್ಕೆ ಅಂತ ಶಾಮಸುಂದರ ಹೇಳುತ್ತಾರೆ. ಮದುವೆ ಲಂಡನ್ನಿನಲ್ಲಿ. ಲಿಯೋರಳ ಅಪ್ಪ ಅಮ್ಮ ಠಾಣೆಯಿಂದ ಸೀದಾ ಅಲ್ಲಿಗೇ ಹೋಗುವವರು. ನೇಥನ್‌ನ ತಾಯಿ ಮಿರಿಯಮ್, ಮಕ್ಕಳಿಬ್ಬರನ್ನೂ ಕರೆದೊಯ್ಯಲು ದುಬೈಗೆ ಬಂದಿಳಿದರು. ಮಲಿದಾಕ್ಕೆ ಉಳಿದದ್ದು ಒಂದೇ ಭಾನುವಾರ.

ಆ ಮಿರಿಯಮ್ ಇದ್ದಾರಲ್ಲ, ಫೋನಿನಲ್ಲೇ ಮಂಜು ಸುರಿಸುವ ಹೆಂಗಸು. "ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು? ಇದು ನಮ್ಮ ಧರ್ಮದ್ದು ಅಂತ ನಾನು ಎಲ್ಲೂ ಓದಿಲ್ಲ. ಬಂದು ನೋಡುತ್ತೇನೆ. ನಮ್ಮದಲ್ಲ ಅನ್ನಿಸಿದರೆ ಎದ್ದು ಹೋಗುತ್ತೇನೆ. ನೇಥನ್‌ನನ್ನೂ ಏಳಿಸುತ್ತೇನೆ," ಎಂದುಬಿಟ್ಟರು.

ನೇಥನ್ ಎದ್ದರೆ ಹರಕೆ ಅರ್ಧಕ್ಕೇ ನಿಂತ ಹಾಗೆ. ಅದು ಸಾಲದು ಅಂತ ಆಂಟಿ ಆ ವಾರವೇ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡು ಪ್ಲಾಸ್ಟರ್ ಹಾಕಿಸಿಕೊಂಡರು.

"ಚಿಂತೆ ಯಾಕೆ? ಅವಲಕ್ಕಿ ನನಗೆ ಬಿಡಿ," ಎಂದೆ. "ಅವಲಕ್ಕಿಯೇ ನನ್ನ ಹತ್ತಿರ ಟ್ಯೂಷನ್ನಿಗೆ ಬರುತ್ತದೆ."

"ನನ್ನ ಅಡಿಗಿಮನ್ಯಾಗ, ನನ್ನ ಭಾಂಡ್ಯಾದಾಗ ಮಾಡಬೇಕು. ಊಟಕ್ಕ ಕೋಳಿ ತರಸೀನಿ. ನಮ್ಮೊಳಗ ಮಾಂಸದ ಊಟದ ಜೋಡಿ ಹಾಲು ಕೂಡಂಗಿಲ್ಲ. ಹಾಲು ಬ್ಯಾಡ. ತಿಳೀತಿಲ್ಲೋ?"

"ತಿಳಿಯಿತು ಆಂಟಿ. ನಾನೇನು ಮಗುವೆ?"

ಶನಿವಾರವೇ ಕೆಳಗಿನ ಸೂಪರ್ ಮಾರ್ಕೆಟ್ಟಿಗೆ ಹೋಗಿ ಕಪಾಟಿನಲ್ಲಿದ್ದ ಅವಲಕ್ಕಿ ಪೊಟ್ಟಣ, ಬುಟ್ಟಿಯಲ್ಲಿದ್ದ ತೆಂಗಿನಕಾಯಿ ಒಂದನ್ನೂ ಬಿಡದೆ ಬಾಚಿಕೊಂಡು ಬಂದೆ. ಭಾನುವಾರ ಬೆಳಿಗ್ಗೆ ಗುಲಾಬಿ ತರಲು ಇಳಿದಾಗ, ಬಿಲ್ಡಿಂಗಿನ ಹಿಂದಿನ ಬಾಗಿಲಿನ ಇಳಿಜಾರಿಗೆ ಹೊಸ ಸಿಮೆಂಟು ಹಾಕಿ ಹಗ್ಗ ಕಟ್ಟಿದ್ದರು. ಸುತ್ತಿಕೊಂಡು ಹೋಗುವ ಜಾಯಮಾನ ನನ್ನದಲ್ಲ. ಸೀರೆ ಎತ್ತಿ ಒಂದೇ ನೆಗೆತ. ಒಲಿಂಪಿಕ್ಸಿನವರು ನೋಡಿದ್ದರೆ ಅಲ್ಲೇ ಸಹಿ ಹಾಕಿಸಿಕೊಳ್ಳುತ್ತಿದ್ದರು. ಹಸಿ ಸಿಮೆಂಟಿಗೆ ನನ್ನ ನೆರಳು ಕೂಡ ತಾಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಮಧ್ಯಾಹ್ನದ ಹೊತ್ತಿಗೆ ನನ್ನ ಮಲಿದಾ ಹಿಮಾಲಯವಾಗಿ ನಿಂತಿತು. ಆಂಟಿ ಒಳಗೆ ಸೀರೆ ಉಡುತ್ತಿದ್ದರು. ನಾನೊಬ್ಬಳೇ ಅದನ್ನು ನೋಡುತ್ತ ನಿಂತೆ. ಎಲ್ಲ ಇದೆ, ಆದರೆ ಏನೋ ಕಮ್ಮಿ. ನೀವೇ ಹೇಳಿ, ಬೆಂಕಿಯ ರಥದಲ್ಲಿ ಬರುವ ಅತಿಥಿಗೆ ಬರೀ ನೆನೆದ ಅವಲಕ್ಕಿ ಇಡುವುದೆ? ನಮ್ಮಲ್ಲಿ ಬಾಳೆಲೆಯ ಮೇಲೆ ಒಂದು ಮಿಳ್ಳೆ ತುಪ್ಪ ಬೀಳದೆ ಅನ್ನಕ್ಕೆ ಯಾರೂ ಕೈಹಚ್ಚುವುದಿಲ್ಲ. ತುಪ್ಪ ಬಿತ್ತೆಂದರೆ ಶುದ್ಧವಾಯಿತು ಎಂದೇ ಲೆಕ್ಕ. ಹಾಲು ಬೇಡ ಅಂದಿದ್ದರು, ಹಾಲು ಹಾಕಲಿಲ್ಲ. ಮೊಸರು ಹಾಕಲಿಲ್ಲ. ತುಪ್ಪವನ್ನು ಹಾಲು ಅಂತ ಕಟಪಾಡಿಯಲ್ಲಿ ಯಾರಾದರೂ ಕರೆದದ್ದುಂಟೆ? ನಮ್ಮ ಮನೆಯಿಂದ ಸ್ಟೀಲಿನ ಡಬ್ಬ ತಂದು, ಗೋಡಂಬಿ ದ್ರಾಕ್ಷಿ ಹುರಿದು, ಘಮಘಮ ಎನ್ನುತ್ತಿದ್ದ ತುಪ್ಪದ ಸಮೇತ ಹಿಮಾಲಯದ ನೆತ್ತಿಯಿಂದ ಸುರಿದೆ. ಗಂಗಾವತರಣ!

ಆಂಟಿ ಕೋಣೆಯಿಂದ ಹೊರಗೆ ಬಂದರು. ಹಸಿರು ಸೀರೆ, ಕುತ್ತಿಗೆಯಲ್ಲಿ ಮುತ್ತು, ಕೈಯಲ್ಲಿ ಪ್ಲಾಸ್ಟರ್. ಹೊಸ್ತಿಲಲ್ಲೇ ನಿಂತು ಮೂಗು ಅರಳಿಸಿದರು.

"ಲೋಲಾ, ಏನ್ ಹಾಕೀ ಇದರಾಗ?"

"ಊರಿನ ತುಪ್ಪ ಆಂಟಿ. ಅಸಲಿ."

ಅವರು ಬೈಯಲಿಲ್ಲ. ಬೈದಿದ್ದರೆ ನಾನು ತಿರುಗಿ ಏನಾದರೂ ಹೇಳಿ ಗೆದ್ದುಬಿಡುತ್ತಿದ್ದೆ. ಹತ್ತಿರದ ಸ್ಟೂಲಿನ ಮೇಲೆ ಮೆಲ್ಲಗೆ ಕೂತರು.

"ತುಪ್ಪ ಎಲ್ಲಿಂದ ಬರ್ತೈತಿ ಅವ್ವಾ?"

"ಬೆಣ್ಣೆಯಿಂದ."

"ಬೆಣ್ಣಿ?"

ಆಕಳು ತನ್ನಷ್ಟಕ್ಕೆ ತಾನೇ ನನ್ನ ಕಣ್ಣ ಮುಂದೆ ಬಂದು ನಿಂತಿತ್ತು.

"ಮಾಂಸ ಯಾವ್ದು, ಹಾಲಿಂದು ಯಾವ್ದು ಅನ್ನೋದೂ ಇವ್ರಿಗೆ ಗೊತ್ತಿಲ್ಲ, ಇವರ್ ಎಂಥಾ ಯೆಹೂದಿಗಳು ಅಂತಾಳ ಆಕಿ," ಎಂದರು ಆಂಟಿ. "ಎದ್ದು ಹೋಗಾಕ ಒಂದು ನೆಪ ಬೇಕಾಗಿತ್ತು. ನಾವ ಬೆಳ್ಳಿ ತಟ್ಟ್ಯಾಗ ಇಟ್ಟು ಕೊಟ್ಟಂಗಾತು."

"ಅವರಿಗೆ ಗೊತ್ತೇ ಆಗದ ಹಾಗೆ ಮಾಡಿದರಾಯಿತು! ಮೇಲೆ ಒಂದಿಷ್ಟು ತೆಂಗಿನ ತುರಿ ಉದುರಿಸಿ..."

"ಆಕೀಗೆ ಗೊತ್ತಾಗಂಗಿಲ್ಲ. ಖರೆ." ಆಂಟಿ ಎಡಗೈಯಿಂದ ಕಿಟಕಿಯ ಹತ್ತಿರದ ಖಾಲಿ ಕುರ್ಚಿಯನ್ನು ತೋರಿಸಿದರು. "ಅಂವಗ ಗೊತ್ತಾಗ್ತೈತಿ."

ಆ ಕುರ್ಚಿಗೆ ಬಿಳಿ ಬಟ್ಟೆ ಹಾಸಿದ್ದರು. ಯಾರೂ ಇರಲಿಲ್ಲ ಅಂತ ನನಗೂ ಗೊತ್ತು. ಆದರೂ ಮಾರಾಯ್ರೆ, ನಾನು ಸೆರಗು ಸರಿಮಾಡಿಕೊಂಡೆ.

ಹಿಮಾಲಯವನ್ನು ಹೊತ್ತುಕೊಂಡು ನಮ್ಮ ಮನೆಗೆ ಹೋಗಿ ಶಾಮಸುಂದರರ ಲ್ಯಾಪ್‌ಟಾಪಿನ ಪಕ್ಕದಲ್ಲಿ ಇಟ್ಟೆ. "ತಿನ್ನಿ."

"ಎಷ್ಟು?"

"ಅಷ್ಟೂ."

ಗಂಡನಿಗೆ ಕೆಲಸ ಕೊಟ್ಟಾಯಿತು. ಈಗ ಹೊಸ ಅವಲಕ್ಕಿ ಎಲ್ಲಿಂದ? ಕೆಳಗಿನ ಅಂಗಡಿಯನ್ನು ನಾನೇ ಬೋಳಿಸಿದ್ದೆ. ಫೋನೆತ್ತಿ ಇದಿನಬ್ಬಾಕನಿಗೆ ಹಚ್ಚಿದೆ. ಇದಿನಬ್ಬ ಅವರು ಉಳ್ಳಾಲದ ಬ್ಯಾರಿ. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಮೊಬೈಲ್ ಅಂಗಡಿಗಳ ನಡುವೆ ಇವರದೊಂದು ಕಿರಿದಾದ ಕೋಣೆ. ಅದರೊಳಗೆ ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿ, ಅವಲಕ್ಕಿ, ಒಟ್ಟಿನಲ್ಲಿ ಇಡೀ ಮಂಗಳೂರು. ಭಾನುವಾರ ಪಿಕಪ್ಪಿನಲ್ಲಿ ಸಾಮಾನು ತುಂಬಿಸಿಕೊಂಡು ದುಬೈಯ ಮುಹೈಸ್ನಾದ ಕಾರ್ಮಿಕರ ಮೆಸ್ಸುಗಳಿಗೆ ಕೊಡಲು ಬರುತ್ತಾರೆ ಎಂದು ನನಗೆ ಗೊತ್ತಿತ್ತು.

"ಎಂತ ಲೋಲಕ್ಕ? ಬೇಗ ಹೇಳಿ, ಗಾಡಿ ಓಡಿಸ್ತಾ ಇದ್ದೇನೆ."

"ಇದಿನಬ್ಬಾಕ, ಅವಲಕ್ಕಿ ಉಂಟಾ? ತೆಂಗಿನಕಾಯಿ?"

"ಉಂಟು. ನಾಳೆ ತರ್ಲಾ?"

"ನಾಳೆ ಅಂದರೆ ಒಂದು ಮದುವೆ ಮುರಿಯುತ್ತದೆ!"

ಮುರಿಯುವುದು ಹರಕೆ, ಮದುವೆಯಲ್ಲ. ಆದರೆ ಹರಕೆ ಅಂತ ಹೇಳಿದರೆ ಪಿಕಪ್ಪು ಅಷ್ಟು ವೇಗವಾಗಿ ಓಡುತ್ತದೆಯೆ?

"ಯಾ ಅಲ್ಲಾ! ಮದುವೆಯಾ? ಮುಹೈಸ್ನಾದವರು ಕಾಯ್ಲಿ. ಬಂದೆ. ಖಲಾಸ್," ಎಂದು ಫೋನಿಟ್ಟರು.

ಆದರೆ ಅವರಿಗಿಂತ ಮೊದಲು ಬೀಗರು ಬಂದರು. ಮಿರಿಯಮ್ ಬಾಗಿಲಷ್ಟು ಎತ್ತರ, ತಲೆಗೆ ನೀಲಿ ಹ್ಯಾಟು, ತುಟಿ ಅಂಚೆ ಲಕೋಟೆಯ ಹಾಗೆ ಅಂಟಿಕೊಂಡಿತ್ತು. ಹಿಂದೆ ನೇಥನ್, ಅವನ ಹಿಂದೆ ಹಾಡಲು ಬಂದ ಗೆಳೆಯರು, ಎಲ್ಲರ ನೆತ್ತಿಯ ಮೇಲೂ ಪುಟ್ಟ ಟೋಪಿ. ಲಿಯೋರಳ ಕೈತುಂಬ ಮೆಹಂದಿ. ಅವಳು ನನ್ನ ಕಿವಿಯಲ್ಲಿ, "ಲೋಲಾ ಆಂಟಿ, ಪ್ಲೇಟ್ ಖಾಲಿ ಇದೆ! ವಾಟ್ ಹ್ಯಾಪನ್ಡ್?" ಎಂದಳು.

ಮಿರಿಯಮ್ ಕೂಡ ಅದನ್ನೇ ನೋಡುತ್ತಿದ್ದರು. ಮೇಜಿನ ನಡುವೆ ಇನ್ನೊಂದು ದೊಡ್ಡ ತಟ್ಟೆ, ಸುತ್ತ ಹಣ್ಣು, ನಡುವೆ ಏನೂ ಇಲ್ಲ. ಪಕ್ಕದಲ್ಲಿ ಒಂಟಿ ಗುಲಾಬಿ.

"ಇದೇನಾ ಆ ವಿಧಿ?" ಎಂದರು.

"ಅವಲಕ್ಕಿ ಬರುತ್ತಾ ಇದೆ," ಎಂದು ನಾನೇ ಮುಂದೆ ಬಂದೆ, ನನ್ನ ಕಾನ್ವೆಂಟ್ ಇಂಗ್ಲಿಷಿನಲ್ಲಿ. "ಅಬುಧಾಬಿಯಿಂದ. ಸ್ಪೆಷಲ್. ಅದು ಬರುವವರೆಗೆ ಕಥೆ ಹೇಳುವುದು ಪದ್ಧತಿ."

ಅಂಥ ಪದ್ಧತಿ ಆ ಕ್ಷಣದವರೆಗೆ ಇರಲಿಲ್ಲ. ನಾನೇ ಸ್ಥಾಪಿಸಿದೆ. ಆಂಟಿಯ ಕಣ್ಣಲ್ಲಿ ಮಿಂಚು ಹೊಳೆದದ್ದು ಕಂಡು ಧೈರ್ಯ ಬಂತು. ಶುರುಮಾಡಿದೆ.

"ಎರಡು ಸಾವಿರ ವರ್ಷದ ಹಿಂದೆ ಒಂದು ಹಡಗು. ಎಂಥ ಹಡಗು! ಪಾಮ್ ಜುಮೇರಾ ದ್ವೀಪವನ್ನು ಅದರ ಮೇಲೆ ಇಡಬಹುದಿತ್ತು..."

"ಸಣ್ಣ ಹಡಗ," ಎಂದರು ಆಂಟಿ ಕನ್ನಡದಲ್ಲಿ.

"...ಕೊಂಕಣದ ಹತ್ತಿರ ಬಿರುಗಾಳಿ. ಅಲೆಗಳು ಬುರ್ಜ್ ಖಲೀಫಾದ ಎತ್ತರ..."

"ಅಲಿ ಇದ್ದವು. ಅದು ಖರೆ."

"...ಸಾವಿರಾರು ಜನ ನೀರುಪಾಲು..."

"ಉಳದವರು ಏಳು ಜೋಡಿ," ಎಂದು ಆಂಟಿ ಇಂಗ್ಲಿಷಿಗೆ ಹೊರಳಿ ಕಥೆಯನ್ನು ನನ್ನ ಕೈಯಿಂದ ಮೆಲ್ಲಗೆ ಕಿತ್ತುಕೊಂಡರು. ಅವರ ಇಂಗ್ಲಿಷು ರೈಲ್ವೆ ಟೈಮ್ ಟೇಬಲ್ಲಿನ ಹಾಗೆ, ಒಂದು ಪದ ಹೆಚ್ಚಿಲ್ಲ ಕಮ್ಮಿಯಿಲ್ಲ. "ಏಳು ಗಂಡಸರು, ಏಳು ಹೆಂಗಸರು. ನವಗಾಂವ್ ಎಂಬ ಊರಿನ ದಡಕ್ಕೆ ಬಿದ್ದರು. ಅವರ ಧರ್ಮಗ್ರಂಥಗಳು ಸಮುದ್ರ ಸೇರಿದವು. ಉಳಿದ ಜನ ಕೊಂಕಣದವರ ನಡುವೆ ಬದುಕಿದರು, ಗಾಣ ತಿರುಗಿಸಿ ಎಣ್ಣೆ ತೆಗೆದರು, ಮರಾಠಿ ಕಲಿತರು. ಹೀಬ್ರೂ ಮರೆತರು. ಪ್ರಾರ್ಥನೆಗಳನ್ನು ಮರೆತರು. ಒಂದೇ ಒಂದು ವಾಕ್ಯ ನೆನಪಿತ್ತು, ದೇವರು ಒಬ್ಬನೇ ಎನ್ನುವುದು. ಶನಿವಾರ ಮಾತ್ರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ಊರವರು ನಮ್ಮನ್ನು ಶನಿವಾರ್ ತೇಲಿ, ಶನಿವಾರದ ಗಾಣಿಗರು ಎಂದು ಕರೆದರು. ನಾವು ಯಾರು ಎಂದು ನಮಗೇ ಹೇಳಲು ಬರುತ್ತಿರಲಿಲ್ಲ."

"ಹಾಗಾದರೆ ನೀವು ಯೆಹೂದಿಗಳೆಂದು ಯಾರು ಹೇಳಿದರು?" ಮಿರಿಯಮ್ ಕೇಳಿದರು. ಕೊಂಕಿನಿಂದಲೇ ಕೇಳಿದ್ದು, ಆದರೆ ಹ್ಯಾಟು ತೆಗೆದು ತೊಡೆಯ ಮೇಲೆ ಇಟ್ಟುಕೊಂಡಿದ್ದರು.

"ಅವನು," ಎಂದು ಆಂಟಿ ಕುರ್ಚಿಯ ಕಡೆ ನೋಡಿದರು. "ದಡದಲ್ಲಿ ಪ್ರಜ್ಞೆಯಿಲ್ಲದೆ ಬಿದ್ದವರನ್ನು ಎಬ್ಬಿಸಿದ್ದು ಎಲಿಯಾಹು ಎನ್ನುತ್ತಾರೆ ನಮ್ಮ ಹಿರಿಯರು. ಇನ್ನೊಮ್ಮೆ ಅಲಿಬಾಗದ ಹತ್ತಿರ ಖಂಡಾಳೆಗೆ ಬಂದ, ಅಲ್ಲಿಂದ ರಥ ಹತ್ತಿದ. ಬಂಡೆಯ ಮೇಲೆ ಚಕ್ರದ ಗುರುತು, ಕುದುರೆಯ ಗೊರಸಿನ ಗುರುತು ಈಗಲೂ ಇದೆ. ನಾನು ಮುಟ್ಟಿದ್ದೇನೆ. ನಿಜವೋ ಸುಳ್ಳೋ ಅಂತ ನನ್ನ ಮೊಮ್ಮಗಳು ಕೇಳುತ್ತಾಳೆ. ನನಗೇನು ಗೊತ್ತು? ನಿಮ್ಮ ಹತ್ತಿರ ಪುಸ್ತಕವಿತ್ತು ಮಿರಿಯಮ್, ಗುರುಗಳಿದ್ದರು. ನಮ್ಮ ಹತ್ತಿರ ಈ ಒಂದು ಕಥೆ ಇತ್ತು. ಮಗು ಹುಟ್ಟಿದರೆ, ಮದುವೆಯಾದರೆ, ಹೊಸ ಮನೆ ಕಟ್ಟಿದರೆ ಅವನನ್ನು ಕರೆದೆವು. ಇಸ್ರಾಯೇಲರ ಪ್ರವಾದಿ ನಮ್ಮ ಮನೆಗೆ ಬರುತ್ತಾನೆ ಅಂದರೆ ನಾವೂ ಅವರೇ ಇರಬೇಕಲ್ಲ? ಕೊಂಕಣದಲ್ಲಿ ಏನು ಬೆಳೆಯುತ್ತದೋ ಅದನ್ನೇ ಅವನ ಮುಂದೆ ಇಟ್ಟೆವು."

ನಾನು ಕೂಡ ಬಾಯಿ ಮುಚ್ಚಿಕೊಂಡಿದ್ದೆ ಎಂದರೆ ನೀವೇ ಊಹಿಸಿ.

ಮಿರಿಯಮ್ ಬೆರಳಿಂದ ಹ್ಯಾಟಿನ ಅಂಚು ಸವರುತ್ತ ಇದ್ದರು. "ನಮ್ಮ ಮನೆಯಲ್ಲಿ ವಸಂತದ ಹಬ್ಬಕ್ಕೆ ಅವನಿಗೆಂದು ಒಂದು ಲೋಟ ದ್ರಾಕ್ಷಾರಸ ತುಂಬಿಸಿಡುತ್ತೇವೆ. ಬಾಗಿಲು ತೆಗೆಯುವ ಕೆಲಸ ಮಗುವಿನದು. ನಮ್ಮ ಮನೆಯಲ್ಲಿ ಆ ಮಗು ನಾನು. ಪ್ರತಿ ವರ್ಷ ಓಡಿಹೋಗಿ ತೆಗೆಯುತ್ತಿದ್ದೆ. ಹೊರಗೆ ಬರೀ ಮಳೆ, ಪಕ್ಕದ ಮನೆಯವರ ಸೈಕಲ್ಲು. ಒಂದು ವರ್ಷ ಎಷ್ಟು ಅತ್ತೆನೆಂದರೆ ನನ್ನ ತಂದೆ ತಾವೇ ಗಡ್ಡ ಅಂಟಿಸಿಕೊಂಡು ಬಂದರು. ಅವರ ಚಪ್ಪಲಿಯಿಂದ ಗುರುತು ಹಿಡಿದು ಇನ್ನೂ ಜೋರಾಗಿ ಅತ್ತೆ."

ಲಿಯೋರ ಕಿಸಕ್ಕನೆ ನಕ್ಕಳು. ನೇಥನ್ ತಾಯಿಯನ್ನೇ ನೋಡುತ್ತಿದ್ದ. ಈ ಕಥೆಯನ್ನು ಅವನೂ ಕೇಳಿರಲಿಲ್ಲವಂತೆ.

"ನಮ್ಮ ಮನಿಗೆ ಬರ್ತಾನ," ಎಂದರು ಆಂಟಿ, ಈಗ ತಾನೇ ಫೋನ್ ಮಾಡಿ ತಿಳಿಸಿದ್ದಾನೆ ಎನ್ನುವಷ್ಟು ಸಲೀಸಾಗಿ. ನಾನು ಇಂಗ್ಲಿಷಿನಲ್ಲಿ, "ತಪ್ಪದೆ ಬರುತ್ತಾನೆ, ಆನೆ ಅಂಬಾರಿ ಸಮೇತ," ಎಂದು ಅನುವಾದಿಸಿದೆ.

"ಬಾಗಿಲು ಹಾಕಿಕೊಂಡು ಕೂತರೆ ಹೇಗೆ ಬರುತ್ತಾನೆ?" ಎಂದು ಮಿರಿಯಮ್ ಎದ್ದರು. ಹೊರಟೇಬಿಟ್ಟರಾ? ಆಂಟಿಯ ಎಡಗೈ ಲಿಯೋರಳ ಮೆಹಂದಿ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಮಿರಿಯಮ್ ಸೀದಾ ಹೋಗಿ ಬಾಗಿಲನ್ನು ಪೂರ್ತಿ ತೆರೆದರು.

ಅಲ್ಲಿ ಅವನು ನಿಂತಿದ್ದ.

ಎದೆಯವರೆಗೆ ಬಿಳಿ ಗಡ್ಡ. ಬಿಳಿ ಅಂಗಿ, ಬಿಳಿ ಮುಂಡು, ಬಿಳಿ ಟೋಪಿ. ತಲೆಯಿಂದ ಪಾದದವರೆಗೆ ಏನೋ ಬಿಳಿ ಧೂಳು ಮಿನುಗುತ್ತಿದೆ. ಹೆಗಲ ಮೇಲೆ ಮೂಟೆ. ಕಾರಿಡಾರಿನ ಟ್ಯೂಬ್‌ಲೈಟು ಸರಿಯಾಗಿ ತಲೆಯ ಹಿಂದೆ. ಬೆಲ್ಲು ಒತ್ತಲೆಂದು ಎತ್ತಿದ ಕೈ ಆಶೀರ್ವಾದ ಮಾಡುವ ಹಾಗೆ ಗಾಳಿಯಲ್ಲೇ ನಿಂತಿತ್ತು.

ಮಿರಿಯಮ್‌ರ ಕೈಯಿಂದ ಹ್ಯಾಟು ಬಿತ್ತು. ಅವರು ಒಂದು ಸದ್ದು ಮಾಡಿದರು. ದೊಡ್ಡ ಹೆಂಗಸರು ಮಾಡುವ ಸದ್ದಲ್ಲ ಅದು. ಮಳೆಯಲ್ಲಿ ಬಾಗಿಲು ತೆಗೆದ ಮಗುವಿನದು.

"ಅಸ್ಸಲಾಮು ಅಲೈಕುಂ," ಎಂದ ಬಾಗಿಲಿನ ಪುರುಷ. "ಅವಲಕ್ಕಿ. ಮದುವೆ ಮುರಿಯಲಿಲ್ಲ ಅಲ್ವಾ? ಲೋಲಕ್ಕ, ಅಕ್ಕಿಹಿಟ್ಟಿನ ಚೀಲ ಒಡೆದು ನನ್ನ ಮೇಲೇ ಸುರಿಯಿತು ಮಾರಾಯ್ತಿ. ಕೆಳಗೆ ವಾಚ್‌ಮನ್ ಬೊಬ್ಬೆ ಹೊಡೀತಾ ಇದ್ದಾನೆ. ಅರ್ಜೆಂಟಲ್ಲಿ ಪಿಕಪ್ಪಿನ ಚಕ್ರ ಹಸಿ ಸಿಮೆಂಟಿನ ಮೇಲೆ ಹತ್ತಿಬಿಟ್ಟಿತು. ಗುರುತು ಬಿದ್ದಿದೆ."

"ಆಜಿ!" ಲಿಯೋರ ಎದ್ದು ನಿಂತಳು. "ಚಕ್ರದ ಗುರುತು!"

ಆಂಟಿ ನಗಲು ಶುರುಮಾಡಿದರು. ಮೊದಲು ಭುಜ, ಆಮೇಲೆ ಮುತ್ತಿನ ಸರ, ಕೊನೆಗೆ ಪ್ಲಾಸ್ಟರಿನ ಕೈ ಕೂಡ ಕುಲುಕಿತು. ಲಿಯೋರ ನೇಥನ್‌ನಿಗೆ, ನೇಥನ್ ಗೆಳೆಯರಿಗೆ ಇಂಗ್ಲಿಷಿನಲ್ಲಿ ಹೇಳಿದ್ದೇ, ಕೋಣೆಗೆ ಕೋಣೆಯೇ ನಕ್ಕಿತು. ಆ ನಗು ಶಾರ್ಜಾದವರೆಗೆ ಕೇಳಿತು, ನಾನು ಆಮೇಲೆ ವಿಚಾರಿಸಿದ್ದೇನೆ.

ನಗುವಿನ ನಡುವೆ ಇದಿನಬ್ಬಾಕನಿಗೆ ವಿಷಯ ತಿಳಿಸಿದೆ. ಅವರು ಮೂಟೆ ಇಳಿಸಿ ಎರಡೂ ಕೆನ್ನೆ ಮುಟ್ಟಿಕೊಂಡರು. "ತೌಬಾ ತೌಬಾ! ಇಲ್ಯಾಸ್ ನೆಬಿಯ ವಿಷಯವಾ? ಅವರು ನಮ್ಮ ಕುರ್‌ಆನಿನಲ್ಲೂ ಉಂಟಲ್ಲ! ನಾನು ಅವರಲ್ಲ ಅಂತ ಆ ಅಮ್ಮನಿಗೆ ಸರಿಯಾಗಿ ಹೇಳಿ. ನನ್ನ ಹತ್ತಿರ ಟ್ರೇಡ್ ಲೈಸೆನ್ಸ್ ಉಂಟು, ಎಮಿರೇಟ್ಸ್ ಐಡಿ ಉಂಟು, ತೋರಿಸ್ತೇನೆ."

ತೋರಿಸಿಯೇಬಿಟ್ಟರು. ಮಿರಿಯಮ್ ಆ ಕಾರ್ಡನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಗೌರವದಿಂದ ಹಿಂದೆ ಕೊಟ್ಟರು. ಕಣ್ಣು ಒರೆಸಿಕೊಂಡು ಆಂಟಿಯ ಕಡೆ ತಿರುಗಿದರು.

"ಇನ್ನು ಇದನ್ನು ಮಾಡುವವರು ಯಾರು? ನಿಮ್ಮ ಕೈಗೆ ಪ್ಲಾಸ್ಟರ್."

"ನಾನಿದ್ದೇನಲ್ಲ," ಎಂದೆ.

"ನೀ ಅಡಿಗಿಮನಿ ಹೊಸ್ತಿಲಾ ದಾಟಬ್ಯಾಡ," ಎಂದರು ಆಂಟಿ ನಗುತ್ತಲೇ. ಆಮೇಲೆ ಏನು ಹೊಳೆಯಿತೋ, ಗಂಟಲು ಸರಿಮಾಡಿಕೊಂಡು ಮಿರಿಯಮ್‌ಗೆ ಇಂಗ್ಲಿಷಿನಲ್ಲಿ ನಿಜ ಹೇಳಿಬಿಟ್ಟರು. "ಮೊದಲು ಒಂದು ಮಲಿದಾ ಆಗಿತ್ತು. ಈಕೆ ಪ್ರೀತಿಯಿಂದ ತುಪ್ಪ ಸುರಿದಳು. ಊಟಕ್ಕೆ ಕೋಳಿ ಇದೆ. ಹಾಗಾಗಿ ತೆಗೆಸಿದೆ. ತಟ್ಟೆ ಖಾಲಿ ಇದ್ದದ್ದು ಅದಕ್ಕೆ."

ನಾನು ಕಣ್ಣುಮುಚ್ಚಿಕೊಂಡೆ.

ಮಿರಿಯಮ್ ಆಂಟಿಯನ್ನು ನೋಡಿದರು. ಖಾಲಿ ತಟ್ಟೆ ನೋಡಿದರು. "ನನಗೆ ಹೇಗೂ ಗೊತ್ತಾಗುತ್ತಿರಲಿಲ್ಲ. ಆದರೂ ತೆಗೆಸಿದಿರಾ?"

"ತೆಗೆಸಿದೆ."

ಆ ಹೆಂಗಸು ಕೈಗಡಿಯಾರ ಬಿಚ್ಚಿಟ್ಟರು, ಉಂಗುರ ತೆಗೆದರು, ರೇಷ್ಮೆ ಅಂಗಿಯ ತೋಳು ಮಡಚಿದರು. "ಹೇಳಿಕೊಡಿ. ಮೊದಲು ತೊಳೆಯುವುದೇ?"

ಆಮೇಲೆ ನೋಡಬೇಕಿತ್ತು! ಮಿರಿಯಮ್ ಅವಲಕ್ಕಿ ತೊಳೆದದ್ದು ಮುತ್ತು ತೊಳೆದ ಹಾಗೆ. ಆಂಟಿ ಸ್ಟೂಲಿನ ಮೇಲೆ ಕೂತು, "ಹಿಚುಕಬೇಡಿ, ಅದಕ್ಕೆ ನೋವಾಗುತ್ತದೆ," ಎನ್ನುತ್ತಿದ್ದರು. ತೆಂಗಿನಕಾಯಿ ಒಡೆಯಲು ಮಾತ್ರ ನನಗೆ ಅಪ್ಪಣೆಯಾಯಿತು. ಒಂದೊಂದು ಏಟಿಗೂ ಬಿಲ್ಡಿಂಗ್ ಅಲುಗಿತು. ಇದಿನಬ್ಬಾಕ ಕೈಕಾಲು ಮುಖ ತೊಳೆದುಕೊಂಡು, ಆಂಟಿಯ ತುರಿಮಣೆಯ ಮೇಲೆ ಕುಳಿತು ಕಾಯಿ ತುರಿದರು. ಅಷ್ಟರಲ್ಲಿ ಶಾಮಸುಂದರ ಬಾಗಿಲಲ್ಲಿ ಇಣುಕಿ, ಹೊಟ್ಟೆ ಹಿಡಿದುಕೊಂಡು, "ಅರ್ಧ ಆಯ್ತು ಕಣೇ, ನೀರು ಕುಡೀಬಹುದಾ?" ಎಂದು ಕೇಳಿದರು.

ಗುಲಾಬಿ ನೆತ್ತಿಗೇರಿತು. ಲಿಯೋರ, ನೇಥನ್ ತಟ್ಟೆಯ ಮುಂದೆ ಕೂತರು. ಹಾಡಬೇಕು. ಹುಡುಗರು ತಮ್ಮ ಲಂಡನ್ ಧಾಟಿಯಲ್ಲಿ ಎಲಿಯಾಹುವಿನ ಹಾಡು ಎತ್ತಿದರು. ಆಂಟಿ ಕೊಂಕಣದ ಧಾಟಿಯಲ್ಲಿ ಎತ್ತಿದರು. ಎರಡೂ ಎದುರುಬದುರು ಡಿಕ್ಕಿ ಹೊಡೆದು ನಿಂತವು. ಪದಗಳು ಮಾತ್ರ ಅವೇ, ಒಂದಕ್ಷರ ಆಚೀಚೆ ಇಲ್ಲ! ಎಲ್ಲ ಮರೆತ ಜನಕ್ಕೆ ಈ ಹಾಡು ಹೇಗೆ ಸಿಕ್ಕಿತು ಎಂದು ಮಿರಿಯಮ್ ಕೇಳಿದ್ದಕ್ಕೆ, "ಬಹಳ ವರ್ಷದ ಮೇಲೆ ಬೇರೆ ಊರಿನ ಯೆಹೂದಿಗಳು ಬಂದು ಕಲಿಸಿದರು. ಕಲಿಸುವುದು ಸುಲಭವಾಯಿತಂತೆ, ಇವನ ಹೆಸರು ನಮಗೆ ಮೊದಲೇ ಗೊತ್ತಿತ್ತಲ್ಲ," ಎಂದರು ಆಂಟಿ.

"ನಿಮ್ಮ ಧಾಟಿಯಲ್ಲೇ ಹಾಡೋಣ. ಮನೆ ನಿಮ್ಮದು," ಎಂದರು ಮಿರಿಯಮ್.

ಹಾಡಿದರು. ತಪ್ಪು ತಾಳ, ಅಡ್ಡಾದಿಡ್ಡಿ ಸ್ವರ, ಆದರೆ ಸಂತೋಷದಲ್ಲಿ ಕಿಟಕಿಯ ಗಾಜು ನಡುಗಿತು. ಇದಿನಬ್ಬಾಕ ಬಾಗಿಲ ಬಳಿ ನಿಂತು ತಲೆದೂಗುತ್ತಿದ್ದರು. ಹಾಡು ಮುಗಿದಾಗ ಆಂಟಿ ಎಡಗೈಯಿಂದಲೇ ಮಲಿದಾ ಎತ್ತಿ ಮೊದಲು ಮೊಮ್ಮಗಳ ಅಂಗೈಗೆ, ಆಮೇಲೆ ನೇಥನ್‌ನ ಅಂಗೈಗೆ ಹಾಕಿದರು. "ಮುಟ್ಟಿಸಿದೆ ನೋಡಪಾ," ಎಂದರು ಖಾಲಿ ಕುರ್ಚಿಗೆ, ಪಕ್ಕದ ಮನೆಯವರಿಗೆ ಹೇಳುವ ಹಾಗೆ.

ಮಿರಿಯಮ್ ಒಂದು ಹಿಡಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು. ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಇದು ನಮ್ಮದೇ," ಎಂದರು. ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಇದಕ್ಕೆಲ್ಲ ಕಾರಣ ಯಾರು ಎಂದು ಬಿಡಿಸಿ ಹೇಳಬೇಕೆ? ನಾನು ತುಪ್ಪ ಹಾಕದಿದ್ದರೆ ತಟ್ಟೆ ಖಾಲಿಯಾಗುತ್ತಿರಲಿಲ್ಲ, ಆಂಟಿ ಕಥೆ ಹೇಳುತ್ತಿರಲಿಲ್ಲ, ಇದಿನಬ್ಬಾಕ ಬರುತ್ತಿರಲಿಲ್ಲ. ನಾನು ಮೊದಲೇ ಎಲ್ಲ ಯೋಚಿಸಿ ಹಾಕಿದ ತುಪ್ಪ ಅದು.

ಲಂಡನ್ನಿನಲ್ಲಿ ಮದುವೆ ಸೊಗಸಾಗಿ ಆಯಿತು. ಮೊನ್ನೆ ಲಿಯೋರ ಫೋನ್ ಮಾಡಿದ್ದಳು. ಮಿರಿಯಮ್ ಅಲ್ಲಿ ಸಿಕ್ಕವರಿಗೆಲ್ಲ ಈ ಕಥೆ ಹೇಳುತ್ತಿದ್ದಾರಂತೆ. ಬಾಗಿಲು ತಾನಾಗಿಯೇ ತೆರೆಯಿತಂತೆ, ಏಳಡಿ ಎತ್ತರದ ವೃದ್ಧನಂತೆ, ಮೈಯಿಂದ ಬೆಳಕು ಚೆಲ್ಲುತ್ತಿತ್ತಂತೆ, ಮೂಟೆಯ ಅವಲಕ್ಕಿ ಎಷ್ಟು ಬಡಿಸಿದರೂ ಮುಗಿಯಲಿಲ್ಲವಂತೆ! ಕೇಳಿ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಎಷ್ಟೋ ವರ್ಷಗಳಿಂದ ಈ ಕಸುಬಿನಲ್ಲಿರುವವಳು ನಾನು. ಒಂದೇ ಮಧ್ಯಾಹ್ನ ನಮ್ಮ ಜೊತೆ ಕೂತು ನನ್ನನ್ನೇ ಮೀರಿಸಿಬಿಟ್ಟರಲ್ಲ ಆ ಹೆಂಗಸು!

ಹಿಂದಿನ ಬಾಗಿಲಿನ ಇಳಿಜಾರಿನಲ್ಲಿ ಚಕ್ರದ ಗುರುತು ಈಗಲೂ ಇದೆ. ಮೇಂಟೆನೆನ್ಸಿನವರು ಅದನ್ನು ಮುಚ್ಚಲು ಬಂದಾಗ ಜೋಸ್ಫಿನ್ ಆಂಟಿ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂತರು. ಆಗಷ್ಟೇ ಪ್ಲಾಸ್ಟರ್ ಬಿಚ್ಚಿದ ಕೈಯಿಂದ ಅವರಿಗೆಲ್ಲ ಖರ್ಜೂರ ಹಂಚಿ, ವಾಪಸು ಕಳಿಸಿದರು. ಇದಿನಬ್ಬಾಕ ಭಾನುವಾರ ಬಂದಾಗಲೆಲ್ಲ ಅದನ್ನು ನೋಡಿ "ತೌಬಾ" ಎಂದು ಗಾಡಿಯನ್ನು ಆಚೆ ನಿಲ್ಲಿಸುತ್ತಾರೆ. ಹೊಸದಾಗಿ ಬಂದ ಬಾಡಿಗೆದಾರರಿಗೆ ಅದನ್ನು ತೋರಿಸುವ ಜವಾಬ್ದಾರಿ ನನ್ನದು. ಇಲ್ಲಿ ರಥದ ಚಕ್ರ, ನೋಡಿ ಇಲ್ಲಿ, ಅದರ ಪಕ್ಕದಲ್ಲೇ ಕುದುರೆಯ ಗೊರಸಿನ ಗುರುತು, ಎಷ್ಟು ಸ್ಪಷ್ಟವಾಗಿ ಮೂಡಿದೆ, ಎನ್ನುತ್ತೇನೆ.

"ಗೊರಸಲ್ಲ ಕಣೇ ಅದು," ಎನ್ನುತ್ತಾರೆ ಶಾಮಸುಂದರ, "ನಿನ್ನ ಎಡಗಾಲಿನ ಚಪ್ಪಲಿ."